ಕಿತ್ತು ಒಗೆಯದಂಥ ಹೊಗೆ ಅಲಾರ್ಮ್: ಮನೆಯ ಕರೆಂಟಿಗೆ ಜೋಡಿಸುವ ಬಗೆ

ನಾನು ಮನೆಗೆ ಹಚ್ಚಿದ ಮೊದಲ ಹೊಗೆ ಅಲಾರ್ಮ್ ಬಾಳಿದ್ದು ಹನ್ನೊಂದು ದಿನ. ಬರೀ ಬ್ಯಾಟರಿಯದು, ಅಡುಗೆಮನೆ ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಹಂಚಿನ ಮೇಲೆ ಮೊದಲ ರೊಟ್ಟಿ ಬಿದ್ದರೆ ಕೂಗು, ಒಗ್ಗರಣೆ ಹಾಕಿದರೆ ಕೂಗು. ಒಣ ಮೆಣಸಿನಕಾಯಿ ಹುರಿದ ದಿನವಂತೂ ಓಣಿಯ ಮಂದಿ ಬಾಗಿಲಿಗೆ ಬಂದು ನಿಂತರು. ಹನ್ನೆರಡನೆಯ ದಿನ ಸಂಜೆ ಮನೆಗೆ ಬಂದು ನೋಡಿದರೆ ಅದಕ್ಕೆ ಹಾಲಿನ ಪಾಕೀಟು ಮುಚ್ಚಿ ರಬ್ಬರ್ ಬ್ಯಾಂಡ್ ಬಿಗಿದಿತ್ತು. "ಏನ್ ಹಚ್ಚಿದಿಯೋ ಯಪ್ಪಾ ಇದು, ರೊಟ್ಟಿ ಬಡಿಲಾಕ್ ಬಿಡವಲ್ದು" ಅಂದಳು ಅವ್ವ.

ಅವ್ವನದೇನೂ ತಪ್ಪಿರಲಿಲ್ಲ. ನಾನು ಹಚ್ಚಿದ ಜಾಗ ತಪ್ಪಿತ್ತು, ತಂದ ಜಾತಿಯೂ ತಪ್ಪಿತ್ತು. ಎರಡನೆಯ ಸಲ ಕರೆಂಟಿಗೆ ಜೋಡಿಸುವ, ಒಂದಕ್ಕೊಂದು ಕೊಂಡಿ ಇರುವ ಅಲಾರ್ಮುಗಳನ್ನು ಹಚ್ಚಿದೆ. ಅವುಗಳಿಗೆ ಈವರೆಗೆ ಯಾರೂ ಪಾಕೀಟು ಕಟ್ಟಿಲ್ಲ. ಕಲಬುರಗಿಯ ಬಿಸಿಲು, ಧೂಳು, ಕೂಲರು, ಇನ್ವರ್ಟರುಗಳ ನಡುವೆ ಈ ಕೆಲಸ ಹೇಗೆ ಮಾಡಬೇಕು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಜಾಗ ಗುರುತಿಸುವುದು, ವಾಯರ್ ಹಾಯಿಸುವ ಪ್ಲಾಸ್ಟಿಕ್ ಪಟ್ಟಿ ಹೊಡೆಯುವುದು, ವಾಯರ್ ಎಳೆಯುವುದು, ಕೊನೆಗೆ ಪರೀಕ್ಷೆ ಮಾಡುವುದು, ಇಷ್ಟು ನೀವೇ ಮಾಡಬಹುದು. ಡಿ.ಬಿ. ಬಾಕ್ಸಿನಲ್ಲಿ (ಮನೆಯ ಎಲ್ಲ ಲೈನುಗಳಿಗೂ ಕರೆಂಟು ಹಂಚುವ ಪೆಟ್ಟಿಗೆ) ಕೈಹಾಕಿ ಕರೆಂಟು ಜೋಡಿಸುವ ಕೆಲಸ ಮಾತ್ರ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನದು. ಕಾನೂನು ಹೇಳುವುದೂ ಅದನ್ನೇ. ಆದರೆ ಅವರು ಮಾಡುವುದನ್ನು ನೋಡಿ ಸರಿಯೋ ತಪ್ಪೋ ತಿಳಿಯುವಷ್ಟು ನಿಮಗೆ ಗೊತ್ತಿರಬೇಕು. ನಮ್ಮ ಕಡೆಯ ಬಹಳಷ್ಟು ಮಿಸ್ತ್ರಿಗಳು ಮನೆಗೆ ಇದನ್ನು ಹಚ್ಚಿಯೇ ಇರುವುದಿಲ್ಲ.

ಯಾವುದನ್ನು ತರಬೇಕು

ಸೂಪರ್ ಮಾರ್ಕೆಟ್ ಕಡೆಯ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ "ಫೈರ್ ಅಲಾರ್ಮ್ ಕೊಡ್ರಿ" ಅಂದರೆ ಬಿಳಿ ತಟ್ಟೆಯಂಥ ಒಂದು ಡಿಟೆಕ್ಟರ್ ಕೈಗಿಡುತ್ತಾರೆ. ಹೋಟೆಲು, ಆಸ್ಪತ್ರೆಗಳಲ್ಲಿ ಪ್ಯಾನೆಲ್‌ಗೆ (ಎಲ್ಲ ಡಿಟೆಕ್ಟರುಗಳನ್ನು ನಡೆಸುವ ಪೆಟ್ಟಿಗೆಗೆ) ಜೋಡಿಸುವ 24 ವೋಲ್ಟ್ ಡಿ.ಸಿ. ಡಿಟೆಕ್ಟರ್ ಅದು. ತಾನಾಗಿ ಕೂಗುವುದಿಲ್ಲ, ಪ್ಯಾನೆಲ್‌ಗೆ ಸುದ್ದಿ ಮುಟ್ಟಿಸುತ್ತದೆ ಅಷ್ಟೇ. ಅದನ್ನು ಮನೆಯ 230 ವೋಲ್ಟಿಗೆ ಜೋಡಿಸಿದರೆ ಅಲ್ಲೇ ಸುಟ್ಟುಹೋಗುತ್ತದೆ. ನನಗೆ ಇದನ್ನು ತಿಳಿಸಿದವರು ನಮ್ಮ ಎಲೆಕ್ಟ್ರಿಷಿಯನ್ನೇ. ಅದರ ಬೆನ್ನು ತಿರುಗಿಸಿ ನೋಡಿ, "ಸರ್, ಇದು 24 ವೋಲ್ಟಿಂದು ಅದರಿ, ವಾಪಸ್ ಕೊಟ್ಟು ಬರ್ರಿ" ಅಂದರು.

ಹಾಗಾಗಿ ಬೆನ್ನಿನ ಲೇಬಲ್ ಓದಿ. 230 ವೋಲ್ಟ್ ಎ.ಸಿ., 50 ಹರ್ಟ್ಜ್ ಎಂದಿರಬೇಕು. ಒಳಗೆ ಬ್ಯಾಟರಿ ಬ್ಯಾಕಪ್ ಇರಬೇಕು. ಒಂದು ಕೂಗಿದರೆ ಉಳಿದವೂ ಕೂಗುವಂತೆ ಕೊಂಡಿಯ ಟರ್ಮಿನಲ್ ಇರಬೇಕು. ಹೊಗೆ ಅಲಾರ್ಮುಗಳ ಯುರೋಪಿನ ಮಾನಕ ಇ.ಎನ್. 14604ರ ಗುರುತು ಇದ್ದರೆ ಒಳ್ಳೆಯದು. ಅಮೆರಿಕದಿಂದ ನೆಂಟರು ತಂದುಕೊಟ್ಟದ್ದಾದರೆ 120 ವೋಲ್ಟಿನದು, ಪ್ರೀತಿಯಿಂದ ಪೆಟ್ಟಿಗೆಯಲ್ಲೇ ಇಡಿ. ಎಲ್ಲ ಅಲಾರ್ಮುಗಳೂ ಒಂದೇ ಕಂಪನಿಯ, ಒಂದಕ್ಕೊಂದು ಹೊಂದುವ ಮಾದರಿಯವೇ ಆಗಿರಬೇಕು. ಬೇರೆ ಬೇರೆ ಕಂಪನಿಯವನ್ನು ಕೊಂಡಿ ಹಾಕಿದರೆ ಕೆಡಬಹುದು, ಬೆಂಕಿ ಬಿದ್ದಾಗ ಸುಮ್ಮನೆ ಕೂಡಬಹುದು.

ಜಾತಿ ಎರಡು ಗೊತ್ತಿದ್ದರೆ ಸಾಕು. ಮಲಗುವ ಕೋಣೆ, ಹಾಲ್, ನಡುಮನೆಗೆ ಆಪ್ಟಿಕಲ್ ಹೊಗೆ ಅಲಾರ್ಮ್. ಅದರೊಳಗೆ ಒಂದು ಕತ್ತಲೆ ಗೂಡು, ಗೂಡಿನಲ್ಲಿ ಒಂದು ಬೆಳಕಿನ ಕಿರಣ. ಹೊಗೆ ಒಳಗೆ ಬಂದಾಗ ಬೆಳಕು ಚದುರಿ ಸೆನ್ಸರ್ ಮೇಲೆ ಬೀಳುತ್ತದೆ, ಆಗ ಕೂಗುತ್ತದೆ. ಗಾದಿ ಹೊಗೆಯಾಡುವುದು, ವಾಯರ್ ಸುಡುವುದು ಇಂಥವನ್ನು ಇದು ಬೇಗ ಹಿಡಿಯುತ್ತದೆ. ಅಡುಗೆಮನೆಗೆ ಹೊಗೆಯದು ಬೇಡವೇ ಬೇಡ. ಅಲ್ಲಿಗೆ ಶಾಖದ ಅಲಾರ್ಮ್ ತನ್ನಿ. ಸಾಮಾನ್ಯವಾಗಿ 58 ಡಿಗ್ರಿಯ ಸುತ್ತ ಕೂಗುತ್ತದೆ, ರೊಟ್ಟಿಯ ಹೊಗೆಗೆ ಕ್ಯಾರೇ ಅನ್ನುವುದಿಲ್ಲ. ನನ್ನ ಅವ್ವನ ತಕರಾರು ಮುಗಿದದ್ದು ಇದರಿಂದಲೇ.

ಇನ್ನೊಂದು ಸಾಲನ್ನು ನಮ್ಮ ಕಡೆಯವರು ತಪ್ಪದೇ ಓದಬೇಕು: ಕೆಲಸ ಮಾಡುವ ಉಷ್ಣಾಂಶ. ಎಷ್ಟೋ ಅಲಾರ್ಮುಗಳ ಮೇಲೆ 0ರಿಂದ 40 ಡಿಗ್ರಿ ಎಂದಿರುತ್ತದೆ. ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯಲ್ಲಿ ಹೊರಗೇ 42 ದಾಟುತ್ತದೆ, ಕಾದ ಛತ್ತಿನ ಕೆಳಗೆ ಇನ್ನೂ ಹೆಚ್ಚು. 50 ಡಿಗ್ರಿಯಾದರೂ ತಾಳುತ್ತದೆ ಎಂದು ಬರೆದಿರುವುದನ್ನು ಹುಡುಕಿ. ಪತ್ರಾದ (ತಗಡಿನ) ಛತ್ತಿನ ಅಡುಗೆಮನೆಯಾದರೆ ಮಧ್ಯಾಹ್ನದ ಬಿಸಿಲಿಗೇ ಶಾಖದ ಅಲಾರ್ಮ್ ಕೂಗುವ ಸಂಭವವಿದೆ. ಅಂಥಲ್ಲಿ ಪತ್ರಾದ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಸಿಯೇ ಹಚ್ಚುವುದು ಮೇಲು.

ಎಲ್ಲಿ ಹಚ್ಚಬೇಕು

ಪ್ರತಿ ಮಲಗುವ ಕೋಣೆಯೊಳಗೆ ಒಂದು, ಕೋಣೆಗಳ ಹೊರಗಿನ ಹಾಲ್ ಅಥವಾ ನಡುಮನೆಯಲ್ಲಿ ಒಂದು, ಪ್ರತಿ ಅಂತಸ್ತಿಗೆ ಕನಿಷ್ಠ ಒಂದು, ಅಡುಗೆಮನೆಗೆ ಶಾಖದ್ದೊಂದು. "ಹಾಲ್‌ನಾಗ ಒಂದು ಸಾಕಲ್ರಿ?" ಅಂತ ಕೇಳುತ್ತಾರೆ. ಬೇಸಿಗೆ ರಾತ್ರಿ ಬಾಗಿಲು ಹಾಕಿಕೊಂಡು ಕೂಲರ್ ಹಚ್ಚಿ ಮಲಗಿದವರಿಗೆ ಹಾಲ್‌ನ ಕೂಗು ಕೇಳುತ್ತದೆಯೇ? ಮೂರು ಮೀಟರಿನಲ್ಲಿ 85 ಡೆಸಿಬೆಲ್ ಸದ್ದು ಮಾಡುವ ಯಂತ್ರ ಅದು. ಆದರೂ ನಡುವೆ ಒಂದು ಗೋಡೆ, ಒಂದು ಬಾಗಿಲು, ಒಂದು ಕೂಲರ್ ಬಂದರೆ ಆ ಸದ್ದು ಎಲ್ಲಿ ಉಳಿಯಿತು? ಕೊಂಡಿ ಹಾಕಿದ ಅಲಾರ್ಮ್ ನಿಮ್ಮ ತಲೆಯ ಮೇಲೆಯೇ ಕೂಗುತ್ತದೆ.

ಜಾಗ ಆರಿಸುವಾಗ ಅಳತೆ ಟೇಪು ಕೈಯಲ್ಲಿರಲಿ. ಹೊಗೆ ಮೇಲೇರಿ ಛತ್ತಿಗೆ ಬಡಿದು ಹರಡುತ್ತದೆ, ಗೋಡೆ ಛತ್ತು ಕೂಡುವ ಮೂಲೆಗೆ ಮಾತ್ರ ಸರಿಯಾಗಿ ಹೋಗುವುದಿಲ್ಲ. ಆದ್ದರಿಂದ ಗೋಡೆಯಿಂದ 30 ಸೆಂ.ಮೀ. ಬಿಟ್ಟು, ಆದಷ್ಟು ಕೋಣೆಯ ನಡುವೆ. ಆದರೆ ನಮ್ಮಲ್ಲಿ ನಡುವೆ ಫ್ಯಾನು ಕೂತಿರುತ್ತದಲ್ಲ! ರೆಕ್ಕೆಯ ತುದಿಯಿಂದ 90 ಸೆಂ.ಮೀ. ಆಚೆ ಇರಲಿ. ಅಡುಗೆಮನೆ ಮತ್ತು ಬಚ್ಚಲಿನ ಬಾಗಿಲಿನಿಂದ ಹೊಗೆ ಅಲಾರ್ಮ್ 3 ಮೀಟರ್ ದೂರವಿರಲಿ. ಬಿಸಿನೀರಿನ ಆವಿಯೂ ಅದಕ್ಕೆ ಹೊಗೆಯಂತೆಯೇ ಕಾಣುತ್ತದೆ. ಕೂಲರ್ ಗಾಳಿ ನೇರವಾಗಿ ಬಡಿಯುವಲ್ಲಿ ಬೇಡ. ಗಾಳಿ ಹೊಗೆಯನ್ನು ಅತ್ತ ತಳ್ಳುತ್ತದೆ, ತೇವ ಇತ್ತ ತುಂಬುತ್ತದೆ. ದೇವರ ಜಗುಲಿಯ ಮೇಲೂ ಬೇಡ. ಗುರುವಾರ ಲೋಬಾನ, ಸೋಮವಾರ ಧೂಪ ಹಾಕುವ ಮನೆಗಳಲ್ಲಿ ವಾರಕ್ಕೆ ಎರಡು ಸಲ ಕೂಗಿದ ಅಲಾರ್ಮನ್ನು ಮೂರನೆಯ ವಾರ ಯಾರೂ ನಂಬುವುದಿಲ್ಲ.

ಗುರುತು ಹಾಕುವ ಮುಂಚೆ ನಾನು ಮಾಡಿದ ಒಂದು ಉಪಾಯ: ಫ್ಯಾನು, ಕೂಲರ್ ಎರಡೂ ಹಚ್ಚಿ, ಕೋಣೆಯ ನಾಲ್ಕು ಕಡೆ ಊದಿನಕಡ್ಡಿ ಹಿಡಿದು ಹೊಗೆ ಎತ್ತ ಹೋಗುತ್ತದೆ ನೋಡಿದೆ. ನಮ್ಮ ಹಿರಿಯ ಕೋಣೆಯಲ್ಲಿ ನಾನು ಸುಣ್ಣದಕಡ್ಡಿಯಿಂದ ಗುರುತು ಹಾಕಿದ್ದ ಜಾಗದ ಹತ್ತಿರ ಹೊಗೆ ಸುಳಿಯಲೇ ಇಲ್ಲ. ಎರಡು ಅಡಿ ಬಾಗಿಲ ಕಡೆ ಸರಿಸಬೇಕಾಯಿತು.

ಛತ್ತು ಎಂಥದು ಎಂಬುದರ ಮೇಲೂ ಕೆಲಸ ಬದಲಾಗುತ್ತದೆ. ಆರ್.ಸಿ.ಸಿ. ಸ್ಲ್ಯಾಬ್ ಆದರೆ ಫ್ಯಾನ್ ಬಾಕ್ಸಿನಿಂದ ಗೋಡೆಗೆ, ಲೈಟ್ ಪಾಯಿಂಟಿಗೆ ಒಳಗೊಳಗೇ ಪೈಪು ಓಡಿರುತ್ತದೆ. ಆ ದಾರಿಯ ಮೇಲೆ ಡ್ರಿಲ್ ಇಡಬೇಡಿ. ತೊಲೆ ಜಂತಿಯ ಮಣ್ಣಿನ ಮಾಳಿಗೆಯಾದರೆ ಜಂತಿಗಳ ನಡುವಿನ ಗೂಡಿನಲ್ಲಿ ಹಚ್ಚದೆ ಜಂತಿಯ ಕೆಳಮೈಗೆ ಕಟ್ಟಿಗೆಯ ಸ್ಕ್ರೂ ಹಾಕಿ ಕೂಡಿಸಿ, ಮೇಲಿನಿಂದ ಮಣ್ಣುದುರಿ ಒಳಗೆ ಬೀಳುವುದೂ ತಪ್ಪುತ್ತದೆ. ಹಳೆಯ ಮನೆಗಳ ಶಹಾಬಾದ್ ಕಲ್ಲಿನ ಛತ್ತಿಗೆ ಹ್ಯಾಮರ್ ಡ್ರಿಲ್ ಹಚ್ಚಿದರೆ ಚಪ್ಪಡಿ ಸೀಳಬಹುದು. ಆ ಗೊಡವೆಯೇ ಬೇಡ, ಕಂಪನಿಯವರು ಗೋಡೆಗೆ ಹಚ್ಚಲು ಒಪ್ಪುವ ಮಾದರಿಯಾದರೆ ಛತ್ತಿನಿಂದ 15ರಿಂದ 30 ಸೆಂ.ಮೀ. ಕೆಳಗೆ ಗೋಡೆಗೇ ಕೂಡಿಸಿ.

ಕರೆಂಟು ಎಲ್ಲಿಂದ

ದಾರಿ ಎರಡಿವೆ. ಡಿ.ಬಿ. ಬಾಕ್ಸಿನಿಂದ ಇದಕ್ಕಾಗಿಯೇ ಒಂದು 6 ಆಂಪಿಯರ್ ಎಂ.ಸಿ.ಬಿ. (ಕರೆಂಟು ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು) ಹಾಕಿ ಬೇರೆ ಲೈನ್ ಎಳೆಯುವುದು ಒಂದು. ದಿನಾ ಹಚ್ಚುವ ಲೈಟಿನ ಲೈನಿನಿಂದ, ಸ್ವಿಚ್ಚಿಗೂ ಮುಂಚೆಯೇ ಕರೆಂಟು ತೆಗೆದುಕೊಳ್ಳುವುದು ಇನ್ನೊಂದು. ಬೇರೆ ಲೈನ್ ನೋಡಲು ಅಚ್ಚುಕಟ್ಟು, ಆದರೆ ಆ ಎಂ.ಸಿ.ಬಿ. ಬಿದ್ದರೆ ಮನೆಯಲ್ಲಿ ಏನೂ ಆರುವುದಿಲ್ಲ, ತಿಂಗಳುಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ನಾನು ಹಾಲ್‌ನ ಟ್ಯೂಬ್‌ಲೈಟಿನ ಲೈನನ್ನೇ ಆರಿಸಿದೆ. ಅದು ಬಿದ್ದರೆ ಸಂಜೆಯೇ ಗೊತ್ತಾಗುತ್ತದೆ. ಯಾವ ದಾರಿ ಹಿಡಿದರೂ ನಡುವೆ ಸ್ವಿಚ್ ಇರಬಾರದು, ಪ್ಲಗ್ಗಿನ ಸಾಕೆಟ್ ಇರಬಾರದು.

ಲೈಟಿನ ಲೈನು ಇನ್ವರ್ಟರ್ ಮೇಲಿದ್ದರೆ ಜೆಸ್ಕಾಂ (ನಮ್ಮ ಕಡೆಯ ವಿದ್ಯುತ್ ಕಂಪನಿ) ಕರೆಂಟು ಹೋದಾಗಲೂ ಅಲಾರ್ಮಿಗೆ ಕರೆಂಟು ಇರುತ್ತದೆ, ಒಳಗಿನ ಬ್ಯಾಟರಿ ಉಳಿಯುತ್ತದೆ. ಆದರೆ ಸೈನ್ ವೇವ್ ಇನ್ವರ್ಟರ್ ಇರಲಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನ ಕರೆಂಟು ಇಂಥ ಸೂಕ್ಷ್ಮ ಸಾಮಾನಿಗೆ ಒಗ್ಗದಿರಬಹುದು.

ತ್ರೀ ಫೇಸ್ ಮನೆಯವರು ಇಲ್ಲಿ ಎಚ್ಚರ. ಕೊಂಡಿ ಹಾಕಿದ ಎಲ್ಲ ಅಲಾರ್ಮುಗಳೂ ಒಂದೇ ಫೇಸಿನ, ಒಂದೇ ಎಂ.ಸಿ.ಬಿ.ಯ ಕೆಳಗೆ ಬರಬೇಕು. ಕೆಳಗಿನ ಮನೆ ಒಂದು ಫೇಸಿನಲ್ಲಿ, ಮಾಳಿಗೆ ಕೋಣೆ ಇನ್ನೊಂದರಲ್ಲಿ ಇದ್ದು, ಆಯಾ ಕಡೆಯಿಂದ ಕರೆಂಟು ಕೊಟ್ಟು ಕೊಂಡಿಯ ವಾಯರ್ ಮಾತ್ರ ಕೂಡಿಸಿದರೆ ಅಲಾರ್ಮು ಕೆಡುವುದಷ್ಟೇ ಅಲ್ಲ, ಒಂದು ಎಂ.ಸಿ.ಬಿ. ಇಳಿಸಿ ಕೈಹಾಕಿದವರಿಗೆ ಇನ್ನೊಂದು ಕಡೆಯಿಂದ ಹೊಡೆತ ಬೀಳಬಹುದು. ನ್ಯೂಟ್ರಲ್ ಕೂಡ ಫೇಸ್ ತೆಗೆದುಕೊಂಡ ಲೈನಿನದೇ ಆಗಿರಬೇಕು. ಹತ್ತಿರ ಸಿಕ್ಕಿತೆಂದು ಬೇರೆ ಲೈನಿನ ನ್ಯೂಟ್ರಲ್ ಹಿಡಿದರೆ ಆರ್.ಸಿ.ಸಿ.ಬಿ. (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು) ಬಿದ್ದು ಬಿದ್ದು ತಲೆ ತಿನ್ನುತ್ತದೆ.

ಮೇನ್ ಇಳಿಸಿದರೆ ಸಾಲದು

ಈ ಭಾಗವನ್ನು ನಿಧಾನವಾಗಿ ಓದಿ. ಬೇರೆ ಯಾವ ಹಂತ ತಪ್ಪಿದರೂ ಅಲಾರ್ಮ್ ಕೆಡುತ್ತದೆ, ಇದು ತಪ್ಪಿದರೆ ಮನುಷ್ಯ ಉಳಿಯುವುದಿಲ್ಲ.

ಮನೆಯಲ್ಲಿ ಇನ್ವರ್ಟರ್ ಇದ್ದಾಗ ಮೇನ್ ಸ್ವಿಚ್ ಇಳಿಸಿದಿರಿ ಅನ್ನಿ. ಇನ್ವರ್ಟರಿಗೆ ಕರೆಂಟು ಹೋಯಿತು ಎಂದಷ್ಟೇ ತಿಳಿಯುತ್ತದೆ, ಮರುಕ್ಷಣ ತನ್ನ ಬ್ಯಾಟರಿಯಿಂದ ಅದೇ ಲೈಟಿನ ಲೈನಿಗೆ 230 ವೋಲ್ಟ್ ಬಿಡುತ್ತದೆ. ಅದರ ಪಿನ್ನು ಕಿತ್ತರೂ ಹಾಗೆಯೇ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಇನ್ವರ್ಟರಿನ ಮುಂದಿನ ಬಟನ್ ಆರಿಸಿ, ಬೈಪಾಸ್ ಸ್ವಿಚ್ ಇದ್ದರೆ ಅದನ್ನೂ ನೋಡಿ, ಗೋಡೆಯ ಸಾಕೆಟ್ಟಿನಿಂದ ಅದರ ಪಿನ್ನು ತೆಗೆಯಿರಿ, ಆಮೇಲೆ ಮೇನ್ ಇಳಿಸಿ. ಮಾಳಿಗೆಯ ಮೇಲೆ ಬ್ಯಾಟರಿ ಇರುವ ಸೋಲಾರ್ ಇದ್ದರೆ ಅದರ ಸ್ವಿಚ್ಚನ್ನೂ ಇಳಿಸಿ. ಮೇನ್‌ಗೆ ಚೀಟಿ ಅಂಟಿಸಿ, ಆಗುವುದಾದರೆ ಕೀಲಿ ಹಾಕಿ. ಮಧ್ಯಾಹ್ನ ಸೆಖೆ ತಾಳಲಾರದೆ "ಕರೆಂಟ್ ಯಾಕ್ ಹೋತು" ಅಂತ ಮನೆಯವರೇ ಬಂದು ಮೇನ್ ಎತ್ತುವುದು ನಮ್ಮಲ್ಲಿ ಸಾಮಾನ್ಯ.

ಇನ್ನು ಕರೆಂಟು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ಜೇಬಿನಲ್ಲಿರುವ ದೀಪದ ಟೆಸ್ಟರನ್ನು ಪೂರ್ತಿ ನಂಬಬೇಡಿ. ಒಣ ಕಟ್ಟಿಗೆಯ ಏಣಿಯ ಮೇಲೆ ನಿಂತಾಗ ಅದರ ದೀಪ ಮಂಕಾಗಬಹುದು, ಹಗಲು ಬೆಳಕಿನಲ್ಲಿ ಕಾಣದೇ ಹೋಗಬಹುದು. ಮಲ್ಟಿಮೀಟರನ್ನು ಎ.ಸಿ. 600 ಅಥವಾ 750 ವೋಲ್ಟಿಗೆ ಇಡಿ. ಮೇನ್ ಇಳಿಸುವ ಮುಂಚೆ ಕರೆಂಟು ಇರುವ ಸಾಕೆಟ್ಟಿನಲ್ಲಿ ಹಿಡಿದು ಮೀಟರ್ ಸರಿ ಇದೆಯೇ ನೋಡಿ. ಇಳಿಸಿದ ಮೇಲೆ ಕೆಲಸದ ಜಾಗದಲ್ಲಿ ಫೇಸ್ ನ್ಯೂಟ್ರಲ್ ನಡುವೆ, ಫೇಸ್ ಅರ್ಥ್ ನಡುವೆ, ನ್ಯೂಟ್ರಲ್ ಅರ್ಥ್ ನಡುವೆ, ಮೂರೂ ನೋಡಿ. ಆಮೇಲೆ ಮೀಟರನ್ನು ಕರೆಂಟು ಇರುವ ಯಾವುದಾದರೂ ಕಡೆ, ಬೇಕಾದರೆ ಪಕ್ಕದ ಮನೆಯ ಸಾಕೆಟ್ಟಿನಲ್ಲಾದರೂ ಸರಿ, ಇನ್ನೊಮ್ಮೆ ಹಿಡಿದು ಅದು ನಡುವೆ ಕೆಟ್ಟಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಅತಿಯಾಯಿತು ಅನಿಸಬಹುದು. ಅನಿಸಲಿ.

ವಾಯರ್ ಎಳೆದು ಜೋಡಿಸುವುದು

1.5 ಚದರ ಮಿ.ಮೀ. ತಾಮ್ರದ ವಾಯರ್ ಸಾಕು. ಭಾರತೀಯ ಮಾನಕ ಐ.ಎಸ್. 694ರ ಗುರುತಿರಲಿ, ಎಫ್.ಆರ್.ಎಲ್.ಎಸ್. ಜಾತಿಯದಾದರೆ ಸುಡುವಾಗ ಹೊಗೆ ಕಡಿಮೆ. ಫೇಸಿಗೆ ಕೆಂಪು, ನ್ಯೂಟ್ರಲ್‌ಗೆ ಕಪ್ಪು, ಅರ್ಥ್‌ಗೆ ಹಸಿರು, ಕೊಂಡಿಗೆ ಬಿಳಿ. ಕೊಂಡಿಗೆ ಹಸಿರು ವಾಯರ್ ಬಳಸಿದಿರೋ, ನಾಳೆ ಬರುವ ಮಿಸ್ತ್ರಿ ಅದನ್ನು ಅರ್ಥ್ ಎಂದುಕೊಂಡು ಅರ್ಥ್‌ಗೇ ಜೋಡಿಸುತ್ತಾನೆ, ಅಲ್ಲಿಗೆ ಕೊಂಡಿಯ ಕತೆ ಮುಗಿಯಿತು. ಬಿಳಿ ವಾಯರಿನಲ್ಲಿ ವೋಲ್ಟೇಜ್ ಕಡಿಮೆ ಎಂದು ಕೆಲವರು ತೆಳ್ಳಗಿನ ಟೆಲಿಫೋನ್ ವಾಯರ್ ಎಳೆಯುತ್ತಾರೆ. ಅದು ತಪ್ಪು. ಅಲಾರ್ಮಿನೊಳಗೆ ಅದು ಮೇನ್ ಕರೆಂಟಿನ ಜೊತೆಗೇ ಇರುವ ತಂತಿ, ಫೇಸಿನಷ್ಟೇ ಗೌರವದಿಂದ ಕಾಣಬೇಕು.

ಕಟ್ಟಿ ಮುಗಿದ ಮನೆಗೆ ಗೋಡೆ ಒಡೆಯುವ ಅಗತ್ಯವಿಲ್ಲ, ಕೇಸಿಂಗ್ ಪಟ್ಟಿ ಹೊಡೆದರಾಯಿತು. ಹೊಸ ಮನೆ ಕಟ್ಟುವವರು ಸ್ಲ್ಯಾಬ್ ಹಾಕುವ ಮುಂಚೆಯೇ ಇದಕ್ಕೊಂದು ಪೈಪು, ಬಾಕ್ಸು ಬಿಡಿಸಿಕೊಳ್ಳಿ. ಆಗ ಆಗುವ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ವಾಯರ್ ಒಂದು ಅಲಾರ್ಮಿನಿಂದ ಇನ್ನೊಂದಕ್ಕೆ ಸರಪಳಿಯಂತೆ ಹೋಗುತ್ತದೆ. ಮೊದಲನೆಯದರ ಎಲ್ ಟರ್ಮಿನಲ್‌ಗೆ ಬಂದ ಕೆಂಪು, ಅಲ್ಲಿಂದಲೇ ಮುಂದಿನದಕ್ಕೆ. ಎನ್‌ಗೆ ಕಪ್ಪು. ಐ.ಸಿ. ಎಂದೋ ಐ ಎಂದೋ ಬರೆದಿರುವ ಟರ್ಮಿನಲ್‌ಗೆ ಬಿಳಿ. ಬಿಳಿ ವಾಯರ್ ಡಿ.ಬಿ. ಬಾಕ್ಸಿಗೆ ಹೋಗುವುದಿಲ್ಲ, ಅಲಾರ್ಮುಗಳ ನಡುವೆಯೇ ಅದರ ಸಂಸಾರ. ಬಹಳಷ್ಟು ಅಲಾರ್ಮುಗಳಿಗೆ ಅರ್ಥ್ ಬೇಡ, ಆದರೂ ಹಸಿರು ವಾಯರನ್ನು ಕತ್ತರಿಸಿ ಬಿಡಬೇಡಿ. ತಳದಲ್ಲಿ ಖಾಲಿ ಟರ್ಮಿನಲ್ ಇದ್ದರೆ ಅದಕ್ಕೆ, ಇಲ್ಲವಾದರೆ ಕನೆಕ್ಟರಿಗೆ ಕೂಡಿಸಿ ಮುಂದಕ್ಕೆ ಒಯ್ಯಿರಿ. ಎಷ್ಟು ಅಲಾರ್ಮುಗಳನ್ನು ಕೊಂಡಿ ಹಾಕಬಹುದು ಎಂಬುದು ಕಂಪನಿಯ ಕೈಪಿಡಿಯಲ್ಲಿರುತ್ತದೆ, ಆ ಸಂಖ್ಯೆ ದಾಟಬೇಡಿ.

ತುದಿ ಸುಲಿಯುವಾಗ 8 ಮಿ.ಮೀ. ಸುಮಾರು ಸಾಕು. ಎಳೆಗಳನ್ನು ಹುರಿಮಾಡಿ ಟರ್ಮಿನಲ್‌ಗೆ ತೂರಿಸಿ ಸ್ಕ್ರೂ ಬಿಗಿಯಿರಿ, ಆಮೇಲೆ ಒಮ್ಮೆ ಜಗ್ಗಿ ನೋಡಿ. ಹೊರಗೆ ತಾಮ್ರ ಕಾಣಬಾರದು. ನಡುದಾರಿಯಲ್ಲಿ ವಾಯರ್ ಹೊಸೆದು ಟೇಪ್ ಸುತ್ತಿ ಪಟ್ಟಿಯೊಳಗೆ ಮುಚ್ಚುವ ಅಭ್ಯಾಸ ನಮ್ಮ ಮಿಸ್ತ್ರಿಗಳಲ್ಲಿ ಬಹಳ. ಬೇಸಿಗೆಯ ಕಾವಿಗೆ ಆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಬೆಂಕಿ ತಿಳಿಸಲು ಎಳೆದ ವಾಯರೇ ಬೆಂಕಿಗೆ ಕಾರಣವಾಗುವುದು ಬೇಡ, ಕನೆಕ್ಟರ್ ಹಾಕಿಸಿ. ಅಲಾರ್ಮಿನ ಬೆನ್ನಿಗೆ ವಾಯರ್ ಬರುವ ತೂತನ್ನೂ ಮುಚ್ಚಿಸಿ. ಪೈಪಿನೊಳಗಿಂದ ಬರುವ ಗಾಳಿ ಹೊಗೆಯನ್ನು ಸೆನ್ಸರಿನಿಂದ ದೂರ ಊದುತ್ತದೆ.

ಅಲಾರ್ಮು ಕೂಡಿಸುವ ಮುಂಚೆ ಎಲೆಕ್ಟ್ರಿಷಿಯನ್ ಹತ್ತಿರ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಇದ್ದರೆ ಬರೀ ವಾಯರಿನ ಇನ್ಸುಲೇಷನ್ ಪರೀಕ್ಷೆ ಮಾಡಿಸಿ, 500 ವೋಲ್ಟಿನಲ್ಲಿ ಕನಿಷ್ಠ 1 ಮೆಗಾ ಓಮ್ ತೋರಿಸಬೇಕು. ಅಲಾರ್ಮು ಜೋಡಿಸಿದ ಮೇಲೆ ಮೆಗ್ಗರ್ ಹಚ್ಚಿದರೆ ಅದರ ಸರ್ಕಿಟ್ ಹೋಗುತ್ತದೆ.

ಚಾಲೂ ಮಾಡಿ ನೋಡುವುದು

ಹೊಸ ಅಲಾರ್ಮಿನ ಮೇಲೆ ಪ್ಲಾಸ್ಟಿಕ್ ಟೊಪ್ಪಿಗೆ ಇರುತ್ತದೆ. ಡ್ರಿಲ್ಲು, ಬಣ್ಣ, ಕಸಗುಡಿಸುವುದು ಎಲ್ಲ ಮುಗಿಯುವವರೆಗೆ ಅದು ಅಲ್ಲೇ ಇರಲಿ, ಮುಗಿದ ದಿನ ಮರೆಯದೆ ತೆಗೆಯಿರಿ. ಬ್ಯಾಟರಿ ಕೂಡಿಸಿ, ಮೇನ್ ಎತ್ತಿ. ಪ್ರತಿಯೊಂದರಲ್ಲೂ ಹಸಿರು ದೀಪ ನಿಲ್ಲಬೇಕು. ಒಂದರ ಟೆಸ್ಟ್ ಬಟನ್ ಒತ್ತಿ ಹಿಡಿದರೆ ಕೆಲವೇ ಸೆಕೆಂಡಿನಲ್ಲಿ ಎಲ್ಲವೂ ಕೂಗಬೇಕು. ಹೀಗೆ ಪ್ರತಿಯೊಂದರಿಂದಲೂ ಒತ್ತಿ ನೋಡಿ, ಒಂದರಿಂದ ಒತ್ತಿ ಬಿಟ್ಟರೆ ಕೊಂಡಿ ಎಲ್ಲಿ ತಪ್ಪಿದೆ ಗೊತ್ತಾಗುವುದಿಲ್ಲ. ಆಮೇಲೆ ಎಂ.ಸಿ.ಬಿ. ಇಳಿಸಿ, ಬರೀ ಬ್ಯಾಟರಿಯ ಮೇಲೆ ಇನ್ನೊಮ್ಮೆ. ಕೊನೆಗೆ ಕೋಣೆಯ ಬಾಗಿಲು ಹಾಕಿ, ಕೂಲರ್ ಹಚ್ಚಿ, ಮನೆಯ ಹಿರಿಯರನ್ನು ಅವರು ದಿನಾ ಮಲಗುವ ಜಾಗದಲ್ಲೇ ಮಲಗಿಸಿ ಒತ್ತಿ. "ಕೇಳ್ತದ?" ಅಂತ ಕೇಳಿ. ನನ್ನ ಮಟ್ಟಿಗೆ ಈ ಪರೀಕ್ಷೆ ಪಾಸಾದರೆ ಕೆಲಸ ಮುಗಿದಂತೆ.

ಬೆಂಕಿಕಡ್ಡಿ ಗೀರಿ, ಕಾಗದ ಸುಟ್ಟು ಪರೀಕ್ಷೆ ಮಾಡಬೇಡಿ. ಗೂಡಿನಲ್ಲಿ ಮಸಿ ಕೂತರೆ ಅಲ್ಲಿಂದ ಮುಂದೆ ಸುಳ್ಳು ಕೂಗು ಶುರುವಾಗುತ್ತದೆ.

ಆಮೇಲೆ

ತಿಂಗಳಿಗೊಮ್ಮೆ ಬಟನ್ ಒತ್ತುವುದು. ಏಣಿ ಬೇಡ, ಕಸಬರಿಗೆಯ ಹಿಡಿ ಸಾಕು. ಧೂಳು ಒರೆಸುವುದು ಬೇರೆ ಊರಿನವರಿಗೆ ಆರು ತಿಂಗಳಿಗೊಮ್ಮೆ ಆದೀತು, ಸೇಡಂ, ವಾಡಿ, ಮಳಖೇಡದಂಥ ಸಿಮೆಂಟ್ ಕಾರ್ಖಾನೆಗಳ ಸುತ್ತಲಿನವರು ಎರಡು ತಿಂಗಳಿಗೊಮ್ಮೆ ಮೆತ್ತನೆ ಬ್ರಷ್ ಆಡಿಸಲಿ. ಗೂಡಿನೊಳಗಿನ ಕಿರಣಕ್ಕೆ ಧೂಳೂ ಒಂದೇ, ಹೊಗೆಯೂ ಒಂದೇ. ಮೊದಲ ಮಳೆ ಬಿದ್ದಾಗ ದೀಪಕ್ಕೆ ಮುತ್ತುವ ಹುಳುಗಳು ಒಳಗೆ ಹೊಕ್ಕು ಕೂಗಿಸುವುದೂ ಉಂಟು. ನಿಮಿಷಕ್ಕೊಮ್ಮೆ "ಚಿಂವ್" ಅಂದರೆ ಬ್ಯಾಟರಿ ಮುಗಿದಿದೆ ಎಂದರ್ಥ, ಬೆಂಕಿಯಲ್ಲ.

ಅಲಾರ್ಮಿಗೆ ತಿಳಿಯದ ಎರಡು ಅಪಾಯಗಳನ್ನೂ ಮನೆಯವರಿಗೆ ಹೇಳಿಡಿ. ಗ್ಯಾಸ್ ಸೋರಿಕೆಗೆ ಇದು ಕೂಗುವುದಿಲ್ಲ. ಎಲ್.ಪಿ.ಜಿ. ಗಾಳಿಗಿಂತ ಭಾರ, ನೆಲಕ್ಕೇ ಕೂರುತ್ತದೆ, ಅದರ ಡಿಟೆಕ್ಟರ್ ಬೇರೆ, ಅದನ್ನು ಹಚ್ಚುವುದೂ ನೆಲದ ಹತ್ತಿರ. ಬೀದರ್ ಕಡೆ ಚಳಿಗೆ ಸಿಗಡಿ ಒಲೆಯಲ್ಲಿ ಕೆಂಡ ಹಾಕಿ ಬಾಗಿಲು ಮುಚ್ಚಿ ಮಲಗುವುದುಂಟು. ಆ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆ ಅಲಾರ್ಮಿಗೆ ಅದರ ಸುಳಿವೂ ಸಿಗುವುದಿಲ್ಲ.

ಕೂಗಿದಾಗ ಏನು ಮಾಡಬೇಕು? ಎಲ್ಲರೂ ಹೊರಗೆ, ಆಮೇಲೆ 101ಕ್ಕೋ 112ಕ್ಕೋ ಫೋನು. ಹೊರಗೆ ಹೋಗುವುದೇ ನಮ್ಮ ಮನೆಗಳಲ್ಲಿ ಕಷ್ಟ. ಕಿಟಕಿಗೆಲ್ಲ ಸಲಾಕಿ, ರಾತ್ರಿ ಗ್ರಿಲ್‌ಗೆ ಕೀಲಿ, ಕೀಲಿಕೈ ಅಪ್ಪನ ದಿಂಬಿನ ಕೆಳಗೆ. ಹೊಗೆ ತುಂಬಿದ ಕತ್ತಲೆಯಲ್ಲಿ ಅದನ್ನು ಹುಡುಕುವವರು ಯಾರು? ಅಲಾರ್ಮ್ ಹಚ್ಚಿದ ದಿನವೇ ಗ್ರಿಲ್ಲಿನ ಪಕ್ಕ, ಹೊರಗಿನವರ ಕೈಗೆ ಎಟುಕದಂತೆ, ಒಂದು ಮೊಳೆ ಹೊಡೆದು ಕೀಲಿಕೈ ಅಲ್ಲಿ ತೂಗಹಾಕಿದೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುವವರ ನೆನಪೂ ಇರಲಿ, ಮೆಟ್ಟಿಲಿನ ತುದಿಯಲ್ಲೊಂದು ಅಲಾರ್ಮ್ ಇದ್ದರೆ ಕೆಳಗಿನ ಸುದ್ದಿ ಅವರಿಗೂ ಮುಟ್ಟುತ್ತದೆ.

ತಯಾರಾದ ದಿನದಿಂದ ಹತ್ತು ವರ್ಷಕ್ಕೆ ಅಲಾರ್ಮಿನ ಆಯುಷ್ಯ ಮುಗಿಯುತ್ತದೆ. ಬಟನ್ ಒತ್ತಿದರೆ ಕೂಗಿದರೂ ಬದಲಿಸಲೇಬೇಕು. ಬೆನ್ನಿನ ತಾರೀಖು ಕೆಳಗಿನಿಂದ ಕಾಣುವುದಿಲ್ಲವಾದ್ದರಿಂದ, ಬದಲಿಸಬೇಕಾದ ಇಸವಿಯನ್ನು ಮಾರ್ಕರ್ ಪೆನ್ನಿನಿಂದ ಅದರ ಅಂಚಿನ ಮೇಲೆ ದಪ್ಪಗೆ ಬರೆದುಬಿಡಿ.